ಗಾಳಿಗೆ ಎಂಜಲಿಲ್ಲ

ಪುಣೆಯ ಅಂಚಿನ ಕಾತ್ರಜದ ಆ ಬಾಡಿಗೆ ಮನೆಯನ್ನು ನೆನೆದರೆ ನನಗೆ ಮೊದಲು ಬರುವುದು ಅದರ ವಾಸನೆ. ಕೋಣೆಗಳು ಒಂದರ ಹಿಂದೊಂದು ರೈಲಿನ ಡಬ್ಬಿಗಳಂತೆ ಇದ್ದವು. ಮುಂದಿನದರಲ್ಲಿ ಅಪ್ಪನ ತಂಬಾಕು ಮತ್ತು ಹಳೆಯ ಪೇಪರು, ನಡುವಿನದರಲ್ಲಿ ಬಿಸಿಲು ಕಾಣದ ಹಾಸಿಗೆಗಳು, ಕೊನೆಗೆ ಅಡುಗೆಮನೆಯಲ್ಲಿ ಅತ್ತೆಯ ಒದ್ದೆ ಮಡಿಸೀರೆ. ಆ ಸೀರೆಯನ್ನು ಅತ್ತೆ ಉದ್ದನೆಯ ಕೋಲಿನಿಂದ ಎತ್ತಿ ಛತ್ತಿನ ಹತ್ತಿರ ಕಟ್ಟಿದ ಬಿದಿರಿನ ಮೇಲೆ ಹರವುತ್ತಿದ್ದಳು, ಯಾರ ಕೈಯೂ ತಾಗಬಾರದೆಂದು. ಮಳೆಗಾಲದಲ್ಲಿ ಅದು ಪೂರ್ತಿ ಒಣಗಿದ್ದನ್ನು ನಾನು ನೋಡಿಯೇ ಇಲ್ಲ. ಅರ್ಧ ಒಣಗಿ ಬೂಸಲು ಹಿಡಿದ ಆ ಸೀರೆಯನ್ನು ಉಟ್ಟು ಅವಳು ಮಾಡಿದ ಅಡುಗೆ ದೇವರಿಗೆ ಸಲ್ಲುತ್ತಿತ್ತು. ಸ್ನಾನ ಮಾಡಿ, ತಲೆ ಬಾಚಿ, ಒಗೆದ ಫ್ರಾಕು ಹಾಕಿಕೊಂಡು ನಾನು ಮುಟ್ಟಿದ ಬಟ್ಟಲು ಸಲ್ಲುತ್ತಿರಲಿಲ್ಲ. ಇದು ಯಾಕೆಂದು ಕೇಳುವಷ್ಟು ದೊಡ್ಡವಳಾಗುವ ಮೊದಲೇ ಆ ವಾಸನೆಗೆ ನನಗೆ ಊಟ ಸೇರದಂತಾಗಿತ್ತು. ಅನ್ನಕ್ಕೆ ಕೈಯಿಟ್ಟರೆ ಒದ್ದೆ ಬಟ್ಟೆ ಬಾಯಿಗೆ ಬಂದಂತಾಗುತ್ತಿತ್ತು.

ಅತ್ತೆ ಅಪ್ಪನ ದೊಡ್ಡಕ್ಕ. ಮದುವೆಯಾಗಿ ಸ್ವಲ್ಪ ದಿನಕ್ಕೇ ಗಂಡನನ್ನು ಕಳೆದುಕೊಂಡು ತವರಿಗೆ ಬಂದವಳು, ತಂದೆತಾಯಿ ಹೋದ ಮೇಲೆ ತಮ್ಮನನ್ನು ತಾನೇ ಬೆಳೆಸಿ ಓದಿಸಿದಳು. ಅವನಿಗೆ ಪುಣೆಯ ಕನ್ನಡ ಶಾಲೆಯಲ್ಲಿ ವಿಜ್ಞಾನ ಮಾಸ್ತರನ ಕೆಲಸ ಸಿಕ್ಕಾಗ ವಿಜಾಪುರ ಕಡೆಯಿಂದ ದೇವರ ಪೆಟ್ಟಿಗೆಯನ್ನೂ ತನ್ನ ಮಡಿಯನ್ನೂ ಹೊತ್ತುಕೊಂಡು ಜೊತೆಗೇ ಬಂದಳು. ಬಾಡಿಗೆ ಚೀಟಿ ಅಪ್ಪನ ಹೆಸರಿನಲ್ಲಿತ್ತು, ಮನೆ ಆಳುತ್ತಿದ್ದವಳು ಅವಳು. ಅವಳ ಆಳ್ವಿಕೆಯಲ್ಲಿ ಬಾಯಿ ಎನ್ನುವುದೇ ಒಂದು ತಪ್ಪಾಗಿತ್ತು. ತಂಬಿಗೆಗೆ ತುಟಿ ಹಚ್ಚಬಾರದು, ನೀರನ್ನು ಮೇಲಿನಿಂದ ಸುರಿದುಕೊಳ್ಳಬೇಕು. ನೆತ್ತಿಗೇರಿ ಕೆಮ್ಮಿದರೆ ಕೆಮ್ಮಿದ ಜಾಗಕ್ಕೆ ಸಾರಣೆ. ಊಟದ ನಡುವೆ ಬಲಗೈ ಯಾವುದಕ್ಕೂ ತಾಗಬಾರದು. ಒಮ್ಮೆ ಅವ್ವ ದೇವರ ಮುಂದಿನ ಪರದೆಗೆ ಅಂಚು ಹೊಲಿಯಲು ಕೂತವಳು ದಾರದ ತುದಿಯನ್ನು ತುಟಿಗೆ ಒತ್ತಿ ಸೂಜಿಗೆ ಪೋಣಿಸಿದಳು. ಅತ್ತೆ ಅದನ್ನು ನೋಡಿಬಿಟ್ಟಳು.

‘ದೇವರಿಗೆ ಎಂಜಲ ದಾರ ಹಚ್ಚತಿಯೇನ? ನಿನ್ನ ತವರಮನ್ಯಾಗ ಇದನ್ನ ಕಲಿಸ್ಯಾರೇನು?’

ಅವ್ವ ಅಷ್ಟರವರೆಗೆ ಹೊಲಿದಿದ್ದ ಅಂಚನ್ನೆಲ್ಲ ಅತ್ತೆಯ ಕಣ್ಣೆದುರೇ ಕತ್ತರಿಯಿಂದ ಬಿಚ್ಚಿದಳು. ಮುಂದಿನ ಕೋಣೆಯಲ್ಲಿ ಅಪ್ಪ ಪೇಪರನ್ನು ಮುಖದ ಮಟ್ಟಕ್ಕೆ ಏರಿಸಿದ. ಮನೆಯಲ್ಲಿ ಜಗಳವಾದಾಗಲೆಲ್ಲ ಆ ಪೇಪರು ಹಾಗೆಯೇ ಮೇಲಕ್ಕೆ ಹೋಗುತ್ತಿತ್ತು. ಅವನ ಕುರ್ಚಿಯ ಕೆಳಗೆ ತಂಬಾಕು ಉಗುಳುವ ಒಂದು ತಗಡಿನ ಡಬ್ಬಿ ಇರುತ್ತಿತ್ತು. ಕಂದು ಬಣ್ಣದ ಆ ಎಂಜಲು ದಿನವಿಡೀ ಅಲ್ಲಿ ತುಂಬುತ್ತ, ನೊಣ ಕೂರಿಸಿಕೊಳ್ಳುತ್ತ ಇರುತ್ತಿತ್ತು. ಅದರ ಬಗ್ಗೆ ಅತ್ತೆ ಎಂದೂ ಒಂದು ಮಾತು ಆಡಿದವಳಲ್ಲ. ಸಂಜೆ ಮನೆಗೆಲಸದ ಮಲ್ಲವ್ವ ಬಂದು ಚೆಲ್ಲಿ ತೊಳೆದಿಡುತ್ತಿದ್ದಳು.

ಇಷ್ಟಾದರೂ ನಾನು ಅಪ್ಪನನ್ನು ಬಹಳ ಮೆಚ್ಚಿಕೊಂಡಿದ್ದೆ. ಅದನ್ನು ಹೇಳದೆ ಮುಂದಿನದನ್ನು ಹೇಳಿದರೆ ಸುಳ್ಳಾಗುತ್ತದೆ. ಶಾಲೆಯಲ್ಲಿ ಅವನು ಬೇರೆಯೇ ಮನುಷ್ಯ. ಮನೆಯ ಬಾಗಿಲು ದಾಟಿ ಸ್ವಾರಗೇಟಿನ ಬಸ್ಸು ಹತ್ತಿದೊಡನೆ ಅವನ ಬೆನ್ನು ನೆಟ್ಟಗಾಗುತ್ತಿತ್ತು, ದನಿ ತುಂಬಿಕೊಳ್ಳುತ್ತಿತ್ತು. ನಾನೂ ಅದೇ ಶಾಲೆಯಲ್ಲಿ, ಅವನದೇ ವರ್ಗದಲ್ಲಿದ್ದೆ. ಶಬ್ದದ ಪಾಠ ಬಂದಾಗ ಪಕ್ಕದ ವರ್ಗದವರೂ ಕಿಟಕಿಗೆ ಜೋತುಬೀಳುತ್ತಿದ್ದರು. ಮೇಜಿನ ಮೇಲೆ ಎತ್ತರದ ಸ್ಟೀಲ್ ಡಬ್ಬಿಯ ತುಂಬ ನೀರು, ಅದರೊಳಗೆ ಮುಳುಗಿಸಿದ ಉದ್ದ ಗಾಜಿನ ಕೊಳವೆ. ಅಪ್ಪ ಎರಡು ಕವಲಿನ ಉಕ್ಕಿನ ಶ್ರುತಿಕವೆಯನ್ನು ತನ್ನ ಚಪ್ಪಲಿಯ ರಬ್ಬರಿಗೆ ಬಡಿದು ಕೊಳವೆಯ ಬಾಯಿಯ ಮೇಲೆ ಹಿಡಿಯುತ್ತಿದ್ದ. ಏನೂ ಕೇಳಿಸುತ್ತಿರಲಿಲ್ಲ. ಸೊಳ್ಳೆಯ ಗುಂಯ್ ಎನ್ನುವಷ್ಟೇ. ಆಮೇಲೆ ಕೊಳವೆಯನ್ನೂ ಕವೆಯನ್ನೂ ಕೂಡಿಸಿ ನಿಧಾನವಾಗಿ ಮೇಲೆತ್ತುತ್ತ ಬರುತ್ತಿದ್ದ. ನಾವು ಉಸಿರು ಹಿಡಿದು ಕೂತಿರುತ್ತಿದ್ದೆವು. ಯಾವುದೋ ಒಂದು ಎತ್ತರಕ್ಕೆ ಬಂದಾಗ ಇದ್ದಕ್ಕಿದ್ದಂತೆ ಆ ಸಣ್ಣ ದನಿ ಉಬ್ಬಿ, ಕೋಣೆಯೆಲ್ಲ ತುಂಬಿ, ನಮ್ಮ ಎದೆಗೂಡಿನೊಳಗೆ ಹೊಕ್ಕಂತೆ ಮೊಳಗುತ್ತಿತ್ತು. ಇನ್ನೊಂದು ಚೂರು ಎತ್ತಿದರೆ ಮತ್ತೆ ಮಾಯ.

‘ಶ್ರುತಿಕವಿ ಜೋರಾಗಿಲ್ಲ, ನಾ ಮತ್ತ ಬಡದಿಲ್ಲ. ಮತ್ತ ಈ ದನಿ ಎಲ್ಲಿಂದ ಬಂತು?’ ಎಂದು ಅಪ್ಪ ಕೇಳುತ್ತಿದ್ದ. ‘ಕೊಳವಿ ಒಳಗ ನಿಂತದಲ್ಲ, ಗಾಳಿ ಕಂಬ, ಅದು ಹಾಡಾಕ ಹತ್ತೇದ. ಜೋಕಾಲಿ ಸರಿಯಾದ ಹೊತ್ತಿಗೆ ನೂಕಿದ್ರ ಹ್ಯಾಂಗ ಮ್ಯಾಲ ಮ್ಯಾಲ ಹೋಗತದ, ಹಂಗ. ಇದಕ್ಕ ಅನುನಾದ ಅಂತಾರ.’

ಅದಾದ ಮೇಲೆ ಅವನ ಊದುಗೊಳವೆಗಳ ಸರದಿ. ಕಟ್ಟಡದವರು ಗೋಡೆಯೊಳಗೆ ತಂತಿ ಎಳೆಯಲು ಬಳಸುವ ಪ್ಲಾಸ್ಟಿಕ್ ಪೈಪನ್ನು ಬೇರೆ ಬೇರೆ ಅಳತೆಗೆ ಕತ್ತರಿಸಿ, ಒಂದು ತುದಿಗೆ ಬೂಚು ಹಾಕಿ ಅವನು ಒಂದು ಸಾಲು ಮಾಡಿಟ್ಟಿದ್ದ. ಉದ್ದನೆಯದರ ಅಂಚಿಗೆ ತುಟಿಯಿಟ್ಟು ಊದಿದರೆ ಹಡಗಿನ ಭೋಂಗಾದಂಥ ಗಡಸು ದನಿ, ಗಿಡ್ಡದ್ದರಿಂದ ಹಕ್ಕಿಯ ಚೀರಾಟ. ಗಾಳಿ ಕಂಬ ಗಿಡ್ಡಾದಷ್ಟೂ ಸ್ಥಾಯಿ ಏರುತ್ತದೆ ಎನ್ನುವುದನ್ನು ನಾವು ಬಾಯಿಪಾಠ ಮಾಡಬೇಕಾಗಲಿಲ್ಲ. ಅಪ್ಪ ಮೊದಲು ಊದಿ, ಒರೆಸದೆಯೇ ಮುಂದಿನ ಬೆಂಚಿನವರಿಗೆ ಕೊಡುತ್ತಿದ್ದ. ಅವರು ಊದಿ ಪಕ್ಕದವರಿಗೆ. ಹೊಸ ಹುಡುಗರು ಅಂಗಿಗೆ ಒರೆಸಲು ಹೋದರೆ ಅಪ್ಪ ಕೈಯೆತ್ತಿ ತಡೆಯುತ್ತಿದ್ದ.

‘ಒರಸಬ್ಯಾಡ! ಈ ವರ್ಗದಾಗ ಮ್ಯಾಲಿಲ್ಲ, ಕೆಳಗಿಲ್ಲ. ಗಾಳಿಗೆ ಎಂಜಲಿಲ್ಲ!’

ಆ ಮಾತು ಶಾಲೆಯಲ್ಲಿ ಹೆಸರಾಗಿತ್ತು. ಆಡಳಿತ ಮಂಡಳಿಯವರು ಅದನ್ನು ಭಾಷಣಗಳಲ್ಲಿ ಹೇಳುತ್ತಿದ್ದರು. ಅತ್ತೆಯ ಮನೆಯಿಂದ ಹೋಗಿ ಕೂತ ನನಗೆ ಆ ಮಾತು ಕೇಳಿದರೆ ಕಿಟಕಿ ತೆರೆದಂತಾಗುತ್ತಿತ್ತು. ಕೊಳವೆಗೆ ತಂಬಾಕಿನ ನಾತ ಇರುತ್ತಿತ್ತು, ಅಂಚು ಲೋಳೆ ಲೋಳೆಯಾಗಿರುತ್ತಿತ್ತು. ಆದರೂ ಕಣ್ಣು ಮುಚ್ಚಿ ಊದುತ್ತಿದ್ದೆ. ಅಪ್ಪ ಮನೆಯಲ್ಲಿ ಹೇಳಲಾರದ್ದನ್ನು ಇಲ್ಲಿ ಹೇಳುತ್ತಿದ್ದಾನೆ ಎಂದುಕೊಂಡಿದ್ದೆ.

ಶನಿವಾರ ಅರ್ಧ ದಿನದ ಶಾಲೆ ಮುಗಿದ ಮೇಲೆ ಕೊಳವೆಗಳು ಒಂದು ಬಟ್ಟೆಯ ಚೀಲದಲ್ಲಿ ಮನೆಗೆ ಬರುತ್ತಿದ್ದವು. ಅವುಗಳನ್ನು ಮನೆಯೊಳಗೆ ತರುವಂತಿರಲಿಲ್ಲ. ಅಪ್ಪ ಕಟ್ಟಡದ ಹಿಂದಿನಿಂದ ಬಂದು, ಕಬ್ಬಿಣದ ಮೆಟ್ಟಿಲು ಹತ್ತಿ, ಅಡುಗೆಮನೆಯ ಹಿಂದೆ ನಾವು ಗ್ಯಾಲರಿ ಎನ್ನುತ್ತಿದ್ದ ಬಾಲ್ಕನಿಯಲ್ಲಿ ಚೀಲ ಇಟ್ಟು, ಮತ್ತೆ ಇಳಿದು ಮುಂಬಾಗಿಲಿನಿಂದ ಬರುತ್ತಿದ್ದ. ಮಲ್ಲವ್ವನ ದಾರಿಯೂ ಆ ಹಿಂದಿನ ಮೆಟ್ಟಿಲೇ. ಅವಳು ಯಾದಗಿರಿ ಕಡೆಯವಳು. ಅವಳ ಗಂಡ ಹೆದ್ದಾರಿ ದಂಡೆಯಲ್ಲಿ ಏಳುತ್ತಿದ್ದ ದೊಡ್ಡ ಕಟ್ಟಡದಲ್ಲಿ ಗಾರೆ ಕೆಲಸ ಮಾಡುತ್ತಿದ್ದ. ಅಲ್ಲಿಯೇ ತಗಡಿನ ಶೆಡ್ಡಿನಲ್ಲಿ ಅವರ ಸಂಸಾರ. ಕನ್ನಡ ಮಾತಾಡುವವಳು ಎಂಬ ಕಾರಣಕ್ಕೆ ಅತ್ತೆ ಅವಳನ್ನು ಇಟ್ಟುಕೊಂಡಿದ್ದಳು. ಅವಳ ಮಗಳು ರೇಣುಕಾಳನ್ನು ಶಾಲೆಗೆ ಹಚ್ಚಿಸಿದ್ದು ಅಪ್ಪ. ಅದನ್ನು ಅವನು ಬಂದವರಿಗೆಲ್ಲ ಹೇಳುತ್ತಿದ್ದ. ರೇಣುಕಾ ನನ್ನ ವರ್ಗದವಳು, ನನಗಿಂತ ಸ್ವಲ್ಪ ಎತ್ತರ, ಮಾತು ಕಡಿಮೆ, ನಕ್ಕರೆ ಕಣ್ಣುಗಳು ಪೂರ್ತಿ ಮುಚ್ಚಿಹೋಗುತ್ತಿದ್ದವು. ಶಾಲೆಯಲ್ಲಿ ನನ್ನ ಪಕ್ಕ ಕೂರುತ್ತಿದ್ದವಳು ಭಾನುವಾರ ಗ್ಯಾಲರಿಯಲ್ಲಿ ತಾಯಿಯೊಂದಿಗೆ ಕುಕ್ಕರಗಾಲಲ್ಲಿ ಕೂತು ಆ ಕೊಳವೆಗಳನ್ನು ತೊಳೆಯುತ್ತಿದ್ದಳು.

ಆ ತೊಳೆಯುವುದನ್ನು ಒಮ್ಮೆ ನೋಡಿದವರು ಮರೆಯಲಾರರು. ಬೂಚು ತೆಗೆದೊಡನೆ ಒಳಗಿನಿಂದ ಒಂದು ಹುಳಿ ವಾಸನೆ ಏಳುತ್ತಿತ್ತು. ಇಡೀ ವರ್ಗದ ಉಗುಳು ವಾರವೆಲ್ಲ ಅಲ್ಲಿ ನಿಂತಿರುತ್ತಿತ್ತು. ರೇಣುಕಾ ತಂತಿಯ ತುದಿಗೆ ತೆಂಗಿನ ನಾರು ಸುತ್ತಿ ಒಳಗೆ ತುರುಕಿ ಎಳೆದರೆ ಬೆಳ್ಳಗೆ ದಾರದಾರವಾಗಿ ಲೋಳೆ ಹೊರಗೆ ಬರುತ್ತಿತ್ತು, ನಡುನಡುವೆ ಅಪ್ಪನ ತಂಬಾಕಿನ ಕಂದು ಎಳೆ. ಅವಳು ಮುಖ ತಿರುಗಿಸದೆ ತಿಕ್ಕುತ್ತಿದ್ದಳು. ತೊಳೆದು ಸಾಲಾಗಿ ಇಟ್ಟ ಮೇಲೆ ಅತ್ತೆ ಬಾಗಿಲಲ್ಲಿ ನಿಂತು ಅವುಗಳ ಮೇಲೆ ಮತ್ತೊಮ್ಮೆ ನೀರು ಸುರಿಯುತ್ತಿದ್ದಳು, ರೇಣುಕಾಳ ಕೈ ತಾಗಿದ್ದು ಹೋಗಲಿ ಎಂದು. ಊರ ಮಂದಿಯ ಎಂಜಲು ತೊಳೆಯಲು ಆ ಕೈ ಬೇಕಿತ್ತು. ತೊಳೆದಾದ ಮೇಲೆ ಆ ಕೈಯೇ ಮೈಲಿಗೆಯಾಗುತ್ತಿತ್ತು.

ಶಾಲೆಯಲ್ಲಿ ಅಪ್ಪನ ಸತ್ಕಾರ ನಿಶ್ಚಯವಾಗಿತ್ತು. ಶಿಕ್ಷಣ ಖಾತೆಯ ಸಾಹೇಬರು ಬರುವವರಿದ್ದರು, ಅವರೆದುರು ಗಾಳಿ ಕಂಬದ ಪಾಠ ಮಾಡಿ ತೋರಿಸಬೇಕಿತ್ತು. ಅದಕ್ಕೆ ಮುಂಚಿನ ಭಾನುವಾರ ಕೊಳವೆಗಳು ಲಕಲಕ ಅನ್ನಬೇಕೆಂದು ಅಪ್ಪ ಮಲ್ಲವ್ವನಿಗೆ ಹೇಳಿದ್ದ. ಅವಳು ರೇಣುಕಾಳನ್ನು ಗ್ಯಾಲರಿಯಲ್ಲಿ ಕೂರಿಸಿ ತಾನು ಕೆಳಗೆ ನಲ್ಲಿಯ ನೀರಿಗೆ ಹೋದಳು. ಅತ್ತೆ ಪೂಜೆಯಲ್ಲಿದ್ದಳು. ನಾನು ಅಡುಗೆಮನೆಯ ಹಿಂಬಾಗಿಲ ಹೊಸ್ತಿಲ ಮೇಲೆ ಕೂತೆ. ಬಿಸಿಲು ಬಿದ್ದಿತ್ತು. ಕೆಳಗೆ ಸಾತಾರಾ ಕಡೆಯ ಬಸ್ಸುಗಳು ಘಟ್ಟಕ್ಕೆ ಗೇರು ಬದಲಿಸುತ್ತ ನರಳುತ್ತಿದ್ದವು. ರೇಣುಕಾ ತೊಳೆದ ಕೊಳವೆಗಳನ್ನು ಉದ್ದದಿಂದ ಗಿಡ್ಡಕ್ಕೆ ಜೋಡಿಸಿ, ಉದ್ದನೆಯದನ್ನು ಎತ್ತಿ ಮೆಲ್ಲಗೆ ಊದಿದಳು.

‘ಇದು ಘಟ್ಟ ಹತ್ತೋ ಲಾರಿ,’ ಅಂದಳು. ಗಿಡ್ಡದ್ದನ್ನು ಊದಿ, ‘ಇದು ನಿಮ್ಮತ್ತಿ!’

ನನಗೆ ನಗು ತಡೆಯಲಾಗಲಿಲ್ಲ. ಅವಳ ಕಣ್ಣುಗಳೂ ಮುಚ್ಚಿಹೋಗಿದ್ದವು. ಅವಳು ಕೊಟ್ಟ ಕೊಳವೆಯನ್ನು ನಾನು ಊದಿದೆ, ನಾನು ಊದಿದ್ದನ್ನು ಅವಳು. ಶಾಲೆಯಲ್ಲಿ ದಿನವೂ ಮಾಡುತ್ತಿದ್ದುದೇ. ಒಂದನ್ನು ಅವಳು, ಇನ್ನೊಂದನ್ನು ನಾನು ಒಟ್ಟಿಗೆ ಊದಿದಾಗ ಎರಡೂ ದನಿ ಹೊಂದಿಕೊಂಡು ಗ್ಯಾಲರಿಯ ತಗಡಿನ ಮಾಡು ಝಣಗುಟ್ಟಿತು. ನಾವಿಬ್ಬರೂ ಬೆಚ್ಚಿ ಒಬ್ಬರನ್ನೊಬ್ಬರು ನೋಡಿದೆವು. ಆ ಕ್ಷಣ ನನಗೆ ಆ ಮನೆಯಲ್ಲಿ ಸಿಕ್ಕ ಕೆಲವೇ ಒಳ್ಳೆಯ ಕ್ಷಣಗಳಲ್ಲಿ ಒಂದು. ಹಿಂದೆ ಪೂಜೆಯ ಗಂಟೆಯ ಸದ್ದು ನಿಂತದ್ದು ನಮಗೆ ಗೊತ್ತೇ ಆಗಲಿಲ್ಲ.

‘ಅಯ್ಯ ಅಯ್ಯ ಅಯ್ಯ! ಆಕಿ ಎಂಜಲಾ ಬಾಯಾಗ ಇಟಗೊಂಡಳಲ್ಲೋ! ಏ, ಬಾರೋ ಇಲ್ಲೆ! ನಿನ್ನ ಮಗಳು ಕೆಟ್ಟಳು ನೋಡ ಬಾ!’

ಅತ್ತೆ ಬಾಗಿಲಲ್ಲಿ ನಿಂತು ಕೂಗುತ್ತಿದ್ದಳು. ಅವ್ವ ಹಿಟ್ಟಿನ ಕೈಯಲ್ಲೇ ಓಡಿ ಬಂದು ಅವಳ ಹಿಂದೆ ನಿಂತಳು. ಮಲ್ಲವ್ವ ಕೊಡ ಹೊತ್ತು ಅರ್ಧ ಮೆಟ್ಟಿಲಲ್ಲಿ ನಿಂತುಬಿಟ್ಟಳು. ರೇಣುಕಾ ಎದ್ದು ಗೋಡೆಗೆ ಒತ್ತಿಕೊಂಡಳು, ಕೊಳವೆ ಕೈಯಲ್ಲೇ ಇತ್ತು. ಕೊನೆಗೆ ಅಪ್ಪ ಬಂದ. ಅವನನ್ನು ನೋಡಿದ ಕೂಡಲೇ ನನ್ನ ಹೆದರಿಕೆ ಅರ್ಧ ಇಳಿಯಿತು. ಇನ್ನು ಅವನು ಆ ಮಾತು ಹೇಳುತ್ತಾನೆ ಎಂದು ಅವನ ಬಾಯನ್ನೇ ನೋಡುತ್ತಿದ್ದೆ. ರೇಣುಕಾ ಕೂಡ ಅಲ್ಲೇ ನೋಡುತ್ತಿದ್ದಳು.

‘ಸರ್, ನಾವು ಸಾಲ್ಯಾಗ ಊದಿದಂಗ ಊದಿದ್ವಿರಿ,’ ಅಂದಳು.

ಅಪ್ಪ ಅವಳ ಕಡೆ ನೋಡಲಿಲ್ಲ. ಅಕ್ಕನನ್ನು ನೋಡಿದ, ನೆಲ ನೋಡಿದ.

‘ಸಾಲ್ಯಾಗಿನ ಮಾತು ಸಾಲ್ಯಾಗ. ಮನಿ ರೀತಿ ಬ್ಯಾರೆ,’ ಅಂದ. ಆಮೇಲೆ ಮೆಟ್ಟಿಲ ಕಡೆ ತಿರುಗಿ, ‘ಮಲ್ಲವ್ವಾ, ನಾಳೆಯಿಂದ ಹುಡುಗಿನ್ನ ಮ್ಯಾಲ ಕರಕೊಂಡ ಬರಬ್ಯಾಡ.’

‘ಹೂನ್ರಿ,’ ಅಂದಳು ಮಲ್ಲವ್ವ. ಕೊಡ ಇಳಿಸಿ ಮಗಳ ರಟ್ಟೆ ಹಿಡಿದು ಇಳಿದುಹೋದಳು.

ನನ್ನನ್ನು ಬಚ್ಚಲಿಗೆ ಎಳೆದು ತಲೆಯ ಮೇಲೆ ತಣ್ಣೀರು ಸುರಿದರು. ಅತ್ತೆ ನನ್ನ ಬಾಯಿಗೆ ಅರಿಷಿಣದ ನೀರು ಹಾಕಿ ಉಗುಳಿಸಿದಳು, ಮತ್ತೆ ಹಾಕಿ ಮತ್ತೆ ಉಗುಳಿಸಿದಳು. ತುಟಿ ಉರಿಯುವವರೆಗೆ ತಿಕ್ಕಿದಳು. ಇಷ್ಟರಲ್ಲಿ ಅಪ್ಪ ಒಲೆಯ ಮೇಲಿದ್ದ ಕುದಿಯುವ ನೀರಿನ ಪಾತ್ರೆಯನ್ನು ಇಕ್ಕಳದಲ್ಲಿ ಹಿಡಿದು ಗ್ಯಾಲರಿಗೆ ಹೋದದ್ದನ್ನು ಬಚ್ಚಲ ಬಾಗಿಲಿನಿಂದ ನೋಡಿದೆ. ರೇಣುಕಾ ನೆಲಕ್ಕೆ ಇಟ್ಟುಹೋಗಿದ್ದ ಉದ್ದನೆಯ ಕೊಳವೆಯನ್ನು ಕಾಲಿನಿಂದ ಬೇರೆ ಸರಿಸಿ, ಅದರ ಮೇಲೆ ನೀರು ಹೊಯ್ದ. ಪ್ಲಾಸ್ಟಿಕ್ಕು ಮೆತ್ತಗಾಗಿ, ಜೋತುಬಿದ್ದು, ಸತ್ತ ಹಾವಿನಂತೆ ಸೊಟ್ಟಗಾಯಿತು. ಗಾಳಿಗೆ ಎಂಜಲಿಲ್ಲ ಎಂದವನು ಅದನ್ನು ಎರಡು ಬೆರಳಲ್ಲಿ ಎತ್ತಿ ಗೋಡೆಯಾಚೆ ಎಸೆದು, ಕೈ ತೊಳೆದುಕೊಂಡ. ಸಂಜೆ ಹೊಸ ಪೈಪು ತಂದು, ಗರಗಸದಿಂದ ಕತ್ತರಿಸುತ್ತ, ಅಂಚನ್ನು ಉಪ್ಪು ಕಾಗದದಿಂದ ನುಣ್ಣಗೆ ಉಜ್ಜುತ್ತ ಗುನುಗಿಕೊಳ್ಳುತ್ತಿದ್ದ. ಆ ಗುನುಗು ಕೇಳಿ ನನಗೆ ಬಂದದ್ದು ಸಿಟ್ಟಲ್ಲ, ಅಳುವೂ ಅಲ್ಲ. ಹೇಸಿಗೆ. ಆ ರಾತ್ರಿ ಅವನ ಪಕ್ಕ ನನ್ನ ತಟ್ಟೆ ಇಟ್ಟಾಗ ನಾನು ಅದನ್ನು ಎತ್ತಿಕೊಂಡು ಅವ್ವನ ಹತ್ತಿರ ಹೋಗಿ ಕೂತೆ.

ಸತ್ಕಾರದ ದಿನ ಶಾಲೆಯ ಸಭಾಗೃಹದಲ್ಲಿ ಸಾಹೇಬರು, ಆಡಳಿತ ಮಂಡಳಿಯವರು, ಪುಣೆಯ ಕನ್ನಡ ಮಂದಿ, ವ್ಯಾಪಾರಿಗಳು, ಕಚೇರಿಯವರು ಎಲ್ಲ ಸೇರಿದ್ದರು. ನಾವು ಮುಂದೆ ಚಾಪೆಯ ಮೇಲೆ. ಅತ್ತೆ ಅವ್ವನನ್ನು ಕರೆದುಕೊಂಡು ಹೆಂಗಸರ ಸಾಲಿನಲ್ಲಿ ಕೂತಿದ್ದಳು, ಮಡಿಲಲ್ಲಿ ತನ್ನದೇ ನೀರಿನ ತಂಬಿಗೆ. ಅಪ್ಪ ಮರಾಠಿ ಕನ್ನಡ ಎರಡರಲ್ಲೂ ಪಾಠ ಮಾಡಿದ. ಶ್ರುತಿಕವೆಯ ದನಿ ಉಬ್ಬಿ ಸಭಾಗೃಹ ತುಂಬಿದಾಗ ಸಾಹೇಬರು ಕುರ್ಚಿಯ ತುದಿಗೆ ಬಂದರು. ಆಮೇಲೆ ಕೊಳವೆಗಳನ್ನು ಒಂದೊಂದಾಗಿ ತಾನೇ ಊದಿ ತೋರಿಸಿದ. ಕೊನೆಗೆ ಹೊಸ ಉದ್ದ ಕೊಳವೆಯನ್ನು ಎತ್ತಿ ಹಿಡಿದು, ನಮ್ಮ ಸಾಲಿನ ಕಡೆ ನೋಡಿ ಕರೆದ.

‘ರೇಣುಕಾ, ಬಾರವ್ವಾ ಇಲ್ಲೆ.’

ನನ್ನ ಪಕ್ಕದಿಂದ ಅವಳು ಎದ್ದುಹೋದಳು. ಅಪ್ಪ ಅವಳ ಹೆಗಲ ಮೇಲೆ ಕೈಯಿಟ್ಟ. ಭಾನುವಾರ ಅವಳ ಮುಖ ನೋಡದವನು ಈಗ ಅವಳನ್ನು ಸಭೆಗೆ ತಿರುಗಿಸಿ ನಿಲ್ಲಿಸಿದ.

‘ಇಕಿ ತಾಯಿ ನಮ್ಮ ಮನ್ಯಾಗ ಮುಸುರಿ ತಿಕ್ಕತಾಳ. ಇಕಿನ್ನ ಸಾಲಿಗೆ ಹಚ್ಚಿದಾಂವ ನಾನು. ಈಗ ಇಕಿ ಊದತಾಳ, ಇಕಿ ಬಾಯಿ ಹಚ್ಚಿದ್ದಕ್ಕ ನಿಮ್ಮೆಲ್ಲಾರ ಮುಂದ ನಾ ಬಾಯಿ ಹಚ್ಚತೀನಿ. ಯಾಕಂದ್ರ, ಗಾಳಿಗೆ ಎಂಜಲಿಲ್ಲ!’

ಚಪ್ಪಾಳೆ ಬಿತ್ತು. ಶಾಲೆಯ ಮಾತು ಶಾಲೆಯಲ್ಲೇ ಎಂದು ಗೊತ್ತಿದ್ದ ಅತ್ತೆ ತಂಬಿಗೆಯನ್ನು ಇನ್ನಷ್ಟು ಹತ್ತಿರ ಎಳೆದುಕೊಂಡಳು. ದನಿ ಹೇಗಿರಬೇಕೆಂದು ತೋರಿಸಲು ಅಪ್ಪ ತಾನೊಮ್ಮೆ ಊದಿ ಕೊಳವೆಯನ್ನು ಅವಳ ಕೈಗೆ ಕೊಟ್ಟ. ರೇಣುಕಾ ಅದರ ಅಂಚು ನೋಡಿದಳು. ಒದ್ದೆಯಾಗಿ ಹೊಳೆಯುತ್ತಿತ್ತು. ನಾನು ಕೂತಲ್ಲಿಗೂ ತಂಬಾಕಿನ ನಾತ ಬಂದಂತೆನಿಸಿತು.

‘ಸರ್, ಇದು ನಿಮ್ಮ ಎಂಜಲ ಅದರಿ,’ ಅಂದಳು.

ಅವಳು ತಮಾಷೆ ಮಾಡುತ್ತಿದ್ದಾಳೆಂದು ಜನ ನಕ್ಕರು. ಅಪ್ಪನೂ ನಕ್ಕ.

‘ಗಾಳಿಗೆ ಎಲ್ಲಿ ಎಂಜಲ, ಪುಟ್ಟಾ? ಊದು.’

‘ಗಾಳಿಗೆ ಇಲ್ಲರಿ. ಬಾಯಿಗೆ ಅದ. ನನಗ ಹೇಸಿಗಿ ಬರತದ.’

ಕೊಳವೆಯನ್ನು ಮೇಜಿನ ಮೇಲೆ ಮೆಲ್ಲಗೆ, ಉರುಳಿ ಬೀಳದಂತೆ ಇಟ್ಟು, ಕೈಯನ್ನು ಲಂಗಕ್ಕೆ ಒರೆಸಿಕೊಂಡು ಬಂದು ತನ್ನ ಜಾಗದಲ್ಲಿ ಕೂತಳು. ಅವಳ ಮೊಣಕಾಲು ನನ್ನ ಮೊಣಕಾಲಿಗೆ ತಾಗುತ್ತಿತ್ತು. ಅಪ್ಪನ ನಗು ಮುಖದ ಮೇಲೆ ಹಾಗೇ ಉಳಿದಿತ್ತು, ತೆಗೆಯಲು ಮರೆತ ವೇಷದಂತೆ.

‘ಪಮ್ಮೀ, ನೀ ಬಾ,’ ಎಂದು ನನ್ನ ಕಡೆ ತಿರುಗಿದ.

ನಾನು ಎರಡೂ ಅಂಗೈಗಳನ್ನು ತೊಡೆಯ ಕೆಳಗೆ ತೂರಿಸಿಕೊಂಡೆ.

‘ನನಗೂ ಬ್ಯಾಡ,’ ಅಂದೆ.

ಎಷ್ಟು ಜನಕ್ಕೆ ಕೇಳಿಸಿತೋ ಗೊತ್ತಿಲ್ಲ. ಅಪ್ಪನಿಗಂತೂ ಕೇಳಿಸಿತು. ಅಷ್ಟರಲ್ಲಿ ಸಾಹೇಬರು ತೊಡೆ ತಟ್ಟಿ, ‘ಅರೇ ವ್ವಾ! ಹೀ ಖರೀ ಆರೋಗ್ಯಾಚೀ ಶಿಸ್ತ!’ ಎಂದರು. ಆರೋಗ್ಯದ ಶಿಸ್ತು ಎಂದರೆ ಇದು ಎಂದು ಅವರು ತಿಳಿದದ್ದು. ಪಾಪ, ಅವರಿಗೆ ನಮ್ಮ ಗ್ಯಾಲರಿಯ ಕಥೆ ಏನು ಗೊತ್ತು? ಅಪ್ಪ ಆ ಮಾತನ್ನು ಮುಳುಗುವವನು ಹಗ್ಗ ಹಿಡಿದಂತೆ ಹಿಡಿದುಕೊಂಡ. ಹೌದು ಸಾಹೇಬ, ಸ್ವಚ್ಛತೆಯನ್ನೂ ನಾವೇ ಕಲಿಸುತ್ತೇವೆ, ಮಕ್ಕಳು ಮುಖದ ಮೇಲೆ ಹೇಳುವಷ್ಟು ಧೈರ್ಯವನ್ನೂ ಕೊಟ್ಟಿದ್ದೇವೆ ಎಂದು ಮರಾಠಿಯಲ್ಲಿ ಹೇಳಿದ. ಮೊದಲಿಗಿಂತ ಜೋರು ಚಪ್ಪಾಳೆ. ಶಾಲು ಹೊದಿಸಿದರು, ತೆಂಗಿನಕಾಯಿ ಕೊಟ್ಟರು. ತನ್ನ ಮುಖಕ್ಕೆ ಉಗುಳಿಸಿಕೊಂಡದ್ದನ್ನೂ ಒರೆಸಿ ಹಣೆಗೆ ಗಂಧವೆಂದು ಹಚ್ಚಿಕೊಂಡ ಆ ಮನುಷ್ಯ ನನ್ನ ಅಪ್ಪ ಎನ್ನುವುದು ನನಗೆ ಸಹಿಸಲಾಗಲಿಲ್ಲ. ಈಗ ನನ್ನ ವಯಸ್ಸು ಆಗಿನ ಅವನ ವಯಸ್ಸನ್ನು ದಾಟಿದೆ. ಅವನಿಗೆ ಅಕ್ಕನ ಋಣ ಎಷ್ಟು ಭಾರವಾಗಿತ್ತು, ಅವನು ಎಷ್ಟು ಅಂಜುಬುರುಕ ಎನ್ನುವುದೆಲ್ಲ ಅರ್ಥವಾಗುತ್ತದೆ. ಆದರೂ ಆ ಶಾಲು ಹೊದ್ದ ಮುಖ ನೆನಪಾದರೆ ಬಾಯಲ್ಲಿ ನೀರು ಕಹಿಯಾಗುತ್ತದೆ.

ಕಾರ್ಯಕ್ರಮ ಮುಗಿದ ಮೇಲೆ ರೇಣುಕಾ ಬಸ್ ನಿಲ್ದಾಣದಲ್ಲಿ ಒಬ್ಬಳೇ ನಿಂತಿದ್ದಳು. ನಾನು ಓಡಿಹೋದೆ.

‘ಅಷ್ಟ ಮಂದಿ ಮುಂದ ಅನ್ನಾಕ ನಿನಗ ಹೆದರಿಕಿ ಬರಲಿಲ್ಲೇನ?’

‘ಬಂದಿತ್ತು. ಆದ್ರ ಹೇಸಿಗಿ ಅದಕ್ಕಿಂತ ಭಾಳ ಬಂತು.’

‘ನಾನೂ ಬ್ಯಾಡ ಅಂದೆ.’

‘ಕೇಳಿಸ್ತು,’ ಅಂದಳು. ಬಸ್ಸು ಬರುವ ದಾರಿ ನೋಡಿದಳು. ‘ಆದ್ರ ಭಾನುವಾರ ನಿನ್ನ ಬಾಯಿ ತೊಳಸ್ಯಾರಂತಲ್ಲ? ನಮ್ಮವ್ವ ಕೆಳಗಿಂದ ಕೇಳಿಸಿಕೊಂಡಾಳ. ನಾ ಅಷ್ಟ ಹೊಲಸ ಇದ್ದೀನೇನ ಪಮ್ಮೀ?’

ನಾನು ಇಲ್ಲ ಅಂದೆ, ಇಲ್ಲ ಇಲ್ಲ ಅಂದೆ. ಬಸ್ಸು ಬಂತು. ಅವಳು ಹತ್ತಿ, ಕಿಟಕಿಯ ಪಕ್ಕ ಕೂತು ಮುಂದೆ ನೋಡಿದಳು. ಅವಳು ಶಾಲೆ ಬಿಡಲಿಲ್ಲ. ಅಪ್ಪನ ವರ್ಗದಲ್ಲಿಯೇ ಕೂತು ಒಳ್ಳೆಯ ಅಂಕ ತೆಗೆದು ಪಾಸಾದಳು. ಅಪ್ಪ ಮತ್ತೆಂದೂ ಅವಳ ಹೆಸರು ಹಿಡಿದು ಕರೆಯಲಿಲ್ಲ. ನನ್ನೊಂದಿಗೆ ಮಾತಾಡುತ್ತಿದ್ದಳು, ಪುಸ್ತಕ ಕೇಳಿದರೆ ಕೊಡುತ್ತಿದ್ದಳು. ಆದರೆ ಕಣ್ಣು ಮುಚ್ಚಿಹೋಗುವ ಆ ನಗು ನನಗೆ ಮತ್ತೆ ಸಿಗಲಿಲ್ಲ. ಈಗ ಪಿಂಪ್ರಿಯ ಒಂದು ಕಾರ್ಖಾನೆಯಲ್ಲಿ ದೊಡ್ಡ ಕೆಲಸದಲ್ಲಿದ್ದಾಳೆಂದು ಕೇಳಿದ್ದೇನೆ.

ಮಲ್ಲವ್ವ ಸತ್ಕಾರದ ಮರುದಿನದಿಂದ ನಮ್ಮ ಮನೆಗೆ ಬರಲಿಲ್ಲ. ಯಾರೂ ಬಿಡಿಸಲಿಲ್ಲ, ತಾನೇ ಬಿಟ್ಟಳು. ಮುಸುರೆ ಪಾತ್ರೆಗಳು ಅವ್ವನ ಪಾಲಿಗೆ ಬಂದವು. ಶನಿವಾರ ಎಂದಿನಂತೆ ಕೊಳವೆಗಳ ಚೀಲ ಗ್ಯಾಲರಿಗೆ ಬಂತು. ಮರುದಿನ ಬಿಸಿಲೇರಿದಾಗ ಅದರಿಂದ ನಾತ ಎದ್ದು ಅಡುಗೆಮನೆಗೆ ಬರತೊಡಗಿತು. ಅತ್ತೆ ಮೂಗು ಮುಚ್ಚಿಕೊಂಡು ಅವ್ವನಿಗೆ ಹೇಳಿದಳು.

‘ಅದನ್ನೊಂದು ತೊ‍ಳದ ಇಡವಾ.’

ಅವ್ವ ರೊಟ್ಟಿ ಬಡಿಯುವುದನ್ನು ನಿಲ್ಲಿಸದೆ ಹೇಳಿದಳು: ‘ಮಂದಿ ಎಂಜಲ ಮುಟ್ಟಿದ ಕೈಲೆ ನಾ ರೊಟ್ಟಿ ಹ್ಯಾಂಗ ಬಡೀಲಿ, ಅಕ್ಕಾರ? ದೇವರ ನೈವೇದ್ಯಕ್ಕ ನಡೀತದೇನ್ರಿ?’

‘ಪಮ್ಮಿ ತೊಳೀಲಿ ಹಂಗಾರ.’

‘ಆಕಿ ಬಾಯಿ ಮೊನ್ನೇನ ಅರಿಷಿಣ ಹಾಕಿ ತೊಳದೀರಿ. ಮತ್ತ ಮೈಲಿಗಿ ಆಗೂದು ಯಾಕ್ರಿ?’

ಅವ್ವನ ದನಿ ಏರಿರಲಿಲ್ಲ. ತಾನೇ ಕಟ್ಟಿದ ಬೇಲಿಯಲ್ಲಿ ಅತ್ತೆಯ ಸೆರಗು ಸಿಕ್ಕಿಕೊಂಡಿತ್ತು. ಕೊನೆಗೆ ಮುಂದಿನ ಕೋಣೆಯ ಕಡೆ ತಿರುಗಿ ತಮ್ಮನನ್ನು ಕೂಗಿದಳು. ಈ ಸಲ ಪೇಪರು ಮೇಲೇರಿದರೂ ಉಪಯೋಗವಾಗಲಿಲ್ಲ.

ಅಪ್ಪ ಪಂಚೆ ಎತ್ತಿ ಕಟ್ಟಿ, ಜನಿವಾರವನ್ನು ಕಿವಿಗೆ ಸುತ್ತಿಕೊಂಡು ಗ್ಯಾಲರಿಯಲ್ಲಿ ಕುಕ್ಕರಗಾಲಲ್ಲಿ ಕೂತ. ಮೊದಲ ಬೂಚು ತೆಗೆದ. ನಾರು ತುರುಕಿ ಎಳೆದ. ಆ ಬಿಳಿ ಎಳೆ ಹೊರಗೆ ಬಂದು ಅವನ ಬೆರಳಿಗೆ ಸುತ್ತಿಕೊಂಡಿತು. ಅವನು ಮುಖ ತಿರುಗಿಸಿದ, ಹೆಗಲ ವಸ್ತ್ರವನ್ನು ಮೂಗಿಗೆ ಒತ್ತಿಕೊಂಡ, ಆದರೂ ವಾಕರಿಕೆ ಬಂತು. ಗೋಡೆಗೆ ಕೈಯಾನಿಸಿ ಓಕರಿಸಿದ, ಕಣ್ಣಲ್ಲಿ ನೀರು ಬಂತು. ಮತ್ತೆ ಕೂತು ಇನ್ನೊಂದನ್ನು ತೆಗೆದ. ಅದರಲ್ಲಿ ಅವನದೇ ತಂಬಾಕಿತ್ತು. ನಾನು ಹೊಸ್ತಿಲೊಳಗೆ ನಿಂತು ಎಲ್ಲವನ್ನೂ ನೋಡಿದೆ. ಖುಷಿಯಾಗಲಿಲ್ಲ. ಕನಿಕರವೂ ಬರಲಿಲ್ಲ. ಅವನ ಬೆನ್ನು, ಅವನ ಮೂಗಿನ ಮೇಲಿನ ಬಟ್ಟೆ, ಗ್ಯಾಲರಿಯ ಮೋರಿಗೆ ಹರಿದುಹೋಗುತ್ತಿದ್ದ ನೊರೆ ಎಲ್ಲ ಒಂದೇ ಸಮ ಹೇಸಿಗೆ ಹುಟ್ಟಿಸಿತು. ತೊಳೆದಾದ ಮೇಲೆ ಅವನು ಕೈ ಒರೆಸಿಕೊಳ್ಳುತ್ತ ಬಾಗಿಲಿಗೆ ಬಂದ.

‘ತಡಿ!’ ಒಳಗಿನಿಂದ ಅತ್ತೆ ಕೂಗಿದಳು. ‘ಅಷ್ಟೂ ಮಂದಿ ಎಂಜಲ ಮುಟ್ಟೀದಿ. ಅಲ್ಲೇ ತಲಿಮ್ಯಾಲ ನೀರ ಹಾಕ್ಕೋ. ಪೂಜಾ ಮುಗೀಲಿ, ಆಮ್ಯಾಲ ಬರೂವಂತಿ.’

ಅಪ್ಪ ಬಕೆಟ್ಟಿನ ತಣ್ಣೀರನ್ನು ತಲೆಯ ಮೇಲೆ ಸುರಿದುಕೊಂಡ. ಒದ್ದೆ ಪಂಚೆ ಕಾಲಿಗೆ ಅಂಟಿಕೊಂಡಿತು. ಒಳಗೆ ಗಂಟೆ ಬಾರಿಸುತ್ತಿತ್ತು, ಅತ್ತೆ ಅವಸರ ಮಾಡುವವಳಲ್ಲ. ಅವನು ಎದೆಯ ಮೇಲೆ ಕೈ ಕಟ್ಟಿ ನಡುಗುತ್ತ ನಿಂತ. ಊರೆಲ್ಲ ಚಪ್ಪಾಳೆ ತಟ್ಟಿದ ಮನುಷ್ಯ ತನ್ನದೇ ಮನೆಯ ಹಿಂಬಾಗಿಲಲ್ಲಿ ನಿಂತಿದ್ದ. ಸ್ವಲ್ಪ ಹೊತ್ತಿನ ಮೇಲೆ ನನ್ನ ಕಡೆ ನೋಡಿ ಮೆಲ್ಲಗೆ ಕೇಳಿದ:

‘ಪಮ್ಮೀ, ಮುಗೀತೇನ ನೋಡು.’

ನಾನು ಒಳಗೆ ಹೋಗಿ ನೋಡಿ ಬಂದೆ.

‘ಇನ್ನೂ ಇಲ್ಲ,’ ಅಂದೆ.

ಅವನು ತಲೆಯಾಡಿಸಿ ಗೋಡೆಗೆ ಆತುಕೊಂಡ. ಬಾಗಿಲು ತೆರೆದೇ ಇತ್ತು.